ಏಣಿ ಆಗಿಬರದವಳ ಅಹವಾಲು

ಮಾನ್ಯ ದೂರು ಅಧಿಕಾರಿಗಳೇ,

ಸರ್ಕಾರದ ಸೇತುವೆ ತಪಾಸಣಾ ಕಚೇರಿಯಲ್ಲಿ ಸಂಬಳವಿಲ್ಲದ ಇಂಟರ್ನ್ ಆಗಿರುವ ನಾನು, ತಾವೂ ತಮ್ಮ ಮನೆಯವರೂ ತಮ್ಮ ತಿರುಗುವ ಕುರ್ಚಿಯೂ ಸೌಖ್ಯವೆಂದು ನಂಬಿ, ತಲೆಬಾಗಿ ನಮಸ್ಕರಿಸುತ್ತೇನೆ.

ಕಳೆದ ವಾರ ನಾನು ದೂರು ಹೊತ್ತು ತಂದದ್ದು ತಮಗೆ ನೆನಪಿರಬಹುದು. ಹೆಣ್ಣುಮಕ್ಕಳಿಗೆ ಏಣಿ ಆಗಿಬರುವುದಿಲ್ಲವೆಂದು ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಒಂದೇ ಒಂದು ಸೇತುವೆಗೂ ಕಳಿಸಿಲ್ಲ. ನಾನೇ ಕಣ್ಣಾರೆ ನೋಡಿ ಬರೆದ ವರದಿ ಇಲ್ಲದಿದ್ದರೆ ಕಾಲೇಜಿನವರು ನನ್ನನ್ನು ಪಾಸು ಮಾಡುವುದಿಲ್ಲ. ಅವರು ಕಳಿಸುವುದು ನನ್ನ ಸಹಪಾಠಿಯನ್ನು. ಆ ಪುಣ್ಯಾತ್ಮನಿಗೋ ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದರೇ ತಲೆ ಸುತ್ತುತ್ತದೆ. ಏಣಿಯ ಮೇಲೆ ಕಣ್ಣು ಮುಚ್ಚಿಕೊಂಡು ನಿಂತು, ಸಿಕ್ಕ ಕಡೆ ಫೋಟೋ ತೆಗೆದು ತಂದು, ಇದರಲ್ಲಿ ಬಿರುಕು ಎಲ್ಲಿದೆ ಹೇಳು ತಾಯಿ ಎಂದು ನನ್ನನ್ನೇ ಗೋಗರೆಯುತ್ತಾನೆ. ಆದರೆ ಸೂರು ಮುಟ್ಟುವ ಕಪಾಟಿನಿಂದ ಹಳೇ ಕಡತ ಇಳಿಸಬೇಕಾದಾಗ ಮಾತ್ರ ಮುಖ್ಯಸ್ಥರು ಏಣಿಯನ್ನು ತಾವೇ ಗಟ್ಟಿಯಾಗಿ ಹಿಡಿದು ನಿಂತು, ಹುಷಾರಮ್ಮಾ ಎನ್ನುತ್ತಾ ನನ್ನನ್ನು ಹತ್ತಿಸುತ್ತಾರೆ. ನಾನು ಹೆಣ್ಣಾಗುವುದು ಕಚೇರಿಯ ಗೇಟು ದಾಟಿ ಹೊರಬಿದ್ದ ಮೇಲೆಯೇ ಇರಬೇಕು.

ಇದನ್ನೆಲ್ಲ ತಾಳ್ಮೆಯಿಂದ ಕೇಳಿ, ಕನ್ನಡಕ ಒರೆಸಿಕೊಂಡು, ತಾವು ಅಕ್ಕರೆಯಿಂದ ಹೇಳಿದಿರಿ: “ಸಂಬಳ ಇಲ್ಲ ಅಂದ್ಮೇಲೆ ನೀವು ನೌಕರರಲ್ಲ. ನೌಕರರಲ್ಲ ಅಂದ್ಮೇಲೆ ನಿಮಗೆ ಇಲ್ಲಿ ಅನ್ಯಾಯ ಆಗೋಕೆ ಸಾಧ್ಯವೇ ಇಲ್ಲಮ್ಮ.”

ಎಂಥ ಸಮಾಧಾನವಾಯಿತು ಸ್ವಾಮಿ! ಆಗಿರದ ಅನ್ಯಾಯಕ್ಕೆ ನಾನು ಇಷ್ಟು ದಿನ ಸುಮ್ಮನೆ ಹೊಟ್ಟೆ ಉರಿಸಿಕೊಂಡಿದ್ದೆ. ಅಮ್ಮನಿಗೆ ಈ ಶುಭ ಸಮಾಚಾರ ಮುಟ್ಟಿಸಿದಾಗ, ಹಾಗಾದರೆ ದಿನಾ ಬೆಳಿಗ್ಗೆ ನಾನು ಊಟದ ಡಬ್ಬಿ ಕಟ್ಟುತ್ತಿರುವುದು ಯಾರಿಗೆ ಎಂದು ಕೇಳಿದಳು. ಆ ರಾತ್ರಿ ಸಿಟ್ಟಿಗೆ ನಿದ್ದೆ ಹತ್ತಲಿಲ್ಲವೆಂಬುದನ್ನೂ ತಮ್ಮಲ್ಲಿ ಮುಚ್ಚಿಡುವುದಿಲ್ಲ.

ಆದ್ದರಿಂದ ಒಂದು ಸಣ್ಣ ಪ್ರಾರ್ಥನೆ. ನಾನು ಕೂರುವ ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿದೆ. ಹೋದ ತಿಂಗಳು ಅದರ ಕಾಲು ಮುರಿದಾಗ ಮೂವರು ಅಧಿಕಾರಿಗಳು ಕೂತು ವಿಚಾರಣೆ ಮಾಡಿದರು. ದಯಮಾಡಿ ನನ್ನ ಬೆನ್ನಿಗೂ ಒಂದು ನಂಬರು ಬರೆಸಿ, ನನ್ನನ್ನು ಕಚೇರಿಯ ಪೀಠೋಪಕರಣವೆಂದು ಒಪ್ಪಿಕೊಳ್ಳಿ. ಅದೂ ಆಗದಿದ್ದರೆ ಸೇತುವೆಯನ್ನೇ ತರಿಸಿ ಆ ಕಪಾಟಿನ ಮೇಲೆ ಇಡಿಸಿ. ಅಲ್ಲಿಗಾದರೆ ನಾನು ಹತ್ತಲು ಯಾರ ಅಭ್ಯಂತರವೂ ಇಲ್ಲ.

ಈ ಅಹವಾಲನ್ನು ಪತ್ರಿಕೆಯಲ್ಲಿ ಕಂಡು, ಕಚೇರಿಯ ವಿಷಯ ಪತ್ರಿಕೆಗೆ ಬರೆಯುವಷ್ಟು ಧೈರ್ಯವೇ ಎಂದು ತಾವು ಹೌಹಾರಬಾರದು. ಹಾಗೆ ಬರೆಯಕೂಡದೆಂಬ ಸುತ್ತೋಲೆ ನೀರಿನ ಫಿಲ್ಟರಿನ ಮೇಲ್ಗಡೆ ಅಂಟಿಸಿದೆ, ಓದಿದ್ದೇನೆ. ಅದು ನೌಕರರಿಗೆ ಮಾತ್ರ.

ತಮ್ಮ ವಿಶ್ವಾಸಿ,
ಕಚೇರಿಯಲ್ಲಿ ಇದ್ದೂ ಇಲ್ಲದವಳು

ತಾ.ಕ.: ದೂರುಗಳಿಗೆ ಲಿಖಿತ ಉತ್ತರದ ಕರಡು ಬರೆಯುವುದು ಇಂಟರ್ನ್‌ಗಳ ಕೆಲಸವಾದ್ದರಿಂದ, ನನ್ನ ದೂರೂ ನನ್ನ ಮೇಜಿಗೇ ಬಂತು. ಕರಡು ಬರೆದು ತಮ್ಮ ಟ್ರೇಯಲ್ಲಿಟ್ಟೆ. ನಿನ್ನೆ ತಾವು ಎಂದಿನಂತೆ ಓದದೆ ಸಹಿ ಹಾಕಿದಿರಿ. ಅದರ ಪ್ರಕಾರ ಸೋಮವಾರ ನಾನು ಸೇತುವೆಗೆ ಹೋಗುತ್ತಿದ್ದೇನೆ. ಏಣಿ ಹಿಡಿಯುವವರು ಮುಖ್ಯಸ್ಥರು.