ಅಳುವುದಕ್ಕೆ ವ್ಯಾನ್ ಹತ್ತಿದ ಅಮ್ಮ

ಕೆಲವರಿಗೆ ಹಲ್ಲಿ ಕಂಡರೆ ಆಗುವುದಿಲ್ಲ, ಕೆಲವರಿಗೆ ಲಿಫ್ಟ್ ಹತ್ತಲು ಭಯ. ನನಗೆ ಬೇರೆಯವರು ಅಳುವುದನ್ನು ನೋಡಲಾಗುವುದಿಲ್ಲ. ಇದನ್ನು ಮೃದು ಹೃದಯ ಎಂದು ತಿಳಿದು ನನ್ನನ್ನು ಹೊಗಳಬೇಡಿ. ಇದು ಶುದ್ಧ ಗಾಬರಿ. ಎದುರಿಗಿರುವವರ ಕಣ್ಣು ಒಂದಿಷ್ಟು ಒದ್ದೆಯಾದರೆ ಸಾಕು, ನನ್ನ ಕೈಕಾಲು ನನ್ನ ಮಾತು ಕೇಳುವುದಿಲ್ಲ. ಫ್ಯಾನ್ ಹಾಕುತ್ತೇನೆ, ನೀರು ತರುತ್ತೇನೆ, ಕೊನೆಗೆ ಬೀರುವಿನ ಮೇಲಿಂದ ಬಿಪಿ ನೋಡುವ ಯಂತ್ರ ಇಳಿಸುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸುಮಾ ತವರು ನೆನಪಾಗಿ ಅತ್ತಾಗ, ಅಪ್ಪನಿಗೆಂದು ತಂದಿದ್ದ ಆ ಯಂತ್ರದ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿ ಗಾಳಿ ಒತ್ತಿದ್ದೆ. ಅವಳ ತವರೇನು ದೂರದೇಶವಲ್ಲ, ವೈಯಾಲಿಕಾವಲ್. ನಮ್ಮ ಎನ್.ಆರ್. ಕಾಲೋನಿಯಿಂದ ಬಸ್ಸಿನಲ್ಲಿ ಹೋಗಿ ಊಟ ಮುಗಿಸಿಕೊಂಡು ಸಂಜೆಗೆ ವಾಪಸು ಬರಬಹುದು. ಆದರೂ ಅವಳು ಆ ಪಟ್ಟಿಯ ಸಂಗತಿಯನ್ನು ಮರೆತಿಲ್ಲ. "ನೆಮ್ಮದಿಯಾಗಿ ಅಳೋಕೂ ಬಿಡ್ಲಿಲ್ಲ ಈ ಪುಣ್ಯಾತ್ಮ" ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಟಿವಿಯ ಮುಂದೆ ಒಂದು ಬೆತ್ತದ ಕುರ್ಚಿ ಹಾಕಿಕೊಂಡರು. ವಾರ್ತೆ ಓದುವವರು ನಮಸ್ಕಾರ ಎಂದರೆ ಅಪ್ಪನೂ ಕೈಜೋಡಿಸಿ ನಮಸ್ಕಾರ ಎನ್ನುತ್ತಿದ್ದರು. "ಅಪ್ಪಾ, ಅವರಿಗೆ ನೀವು ಕಾಣಲ್ಲ" ಎಂದರೆ, "ಅವರು ನಂಗೆ ಕಾಣ್ತಾರಲ್ಲಪ್ಪ" ಎನ್ನುತ್ತಿದ್ದರು. ಅವರೆಕಾಯಿಯ ಕಾಲ ಬಂದರೆ ಗಾಂಧಿಬಜಾರಿನಿಂದ ಚೀಲ ತುಂಬ ತಂದು, ಕಾಳು ಬಿಡಿಸಿ ರಾತ್ರಿ ನೆನೆಹಾಕಿ, ಮರುದಿನ ಸಂಜೆ ವಾರ್ತೆಯ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಸಿಪ್ಪೆಯಿಂದ ಬೇಳೆ ಹಿತುಕಲು ಕೂರುತ್ತಿದ್ದರು. ಅಪ್ಪನ ಬೆರಳಿಗೆ ಹದ ಗೊತ್ತಿರಲಿಲ್ಲ. ಹಿತುಕಿದ ಬೇಳೆ ಪಾತ್ರೆಗೆ ಬೀಳುವ ಬದಲು ಚಿಮ್ಮಿ ಟಿವಿಗೆ, ಅದರಲ್ಲೂ ವಾರ್ತೆ ಓದುವವರ ಹಣೆಗೆ ಹೋಗಿ ತಗುಲುತ್ತಿತ್ತು. ಅಪ್ಪ ಕೂಡಲೇ "ತಪ್ಪಾಯ್ತು ಸಾರ್" ಎನ್ನುತ್ತಿದ್ದರು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಮೈಯೆಲ್ಲ ಕುಲುಕುವಂತೆ ನಗುತ್ತಿದ್ದಳು. ಪ್ರತಿ ವರ್ಷ ಅದೇ ಬೇಳೆ, ಅದೇ ಹಣೆ, ಅದೇ ನಗು. ಆಗ ನನಗೆ ಅದು ಬೇಸರ ತರಿಸುತ್ತಿತ್ತು. ಈಗ ಆ ಸಂಜೆಗಳಲ್ಲಿ ಒಂದನ್ನು ಯಾರಾದರೂ ವಾಪಸು ಕೊಡುತ್ತೇನೆಂದರೆ ಬದಲಿಗೆ ಏನು ಬೇಕಾದರೂ ಕೊಟ್ಟೇನು.

ಅಪ್ಪ ಹೋದಾಗ ನಮ್ಮ ಬೀದಿಯೇ ಅತ್ತಿತು. ಹಾಲಿನವನೂ ಅತ್ತ. ಅಮ್ಮ ಅಳಲಿಲ್ಲ. ಬಂದವರಿಗೆ ಕಾಫಿ ಆಯಿತೇ ಎಂದು ವಿಚಾರಿಸಿಕೊಂಡು ಓಡಾಡುತ್ತಿದ್ದಳು. ನಾನೂ ಅಳಲಿಲ್ಲ; ನನಗೆ ಅತ್ತವರಿಗೆಲ್ಲ ನೀರು ಕೊಡುವ ಕೆಲಸವೇ ಸಾಕಷ್ಟಿತ್ತು. ನಮ್ಮ ಡಾಕ್ಟರು, "ದುಃಖ ಒಳಗೇ ಇಟ್ಕೊಂಡಿದಾರೆ ಕಣ್ರೀ, ಅತ್ತರೆ ಒಳ್ಳೇದು, ಸ್ವಲ್ಪ ಗಮನ ಇರ್ಲಿ" ಎಂದರು. ಅದರಲ್ಲಿ ನನ್ನ ಕಿವಿಗೆ ಬಿದ್ದದ್ದು ಗಮನ ಎಂಬ ಒಂದೇ ಮಾತು. ಅಮ್ಮ ಕಣ್ಣು ಉಜ್ಜಿಕೊಂಡರೆ ಸಾಕು, ಪಟ್ಟಿ ಹಿಡಿದು ಹಾಜರಾಗುತ್ತಿದ್ದೆ. "ಈರುಳ್ಳಿ ಹೆಚ್ತಿದೀನಿ ಕಣೋ" ಎಂದರೂ ಬಿಡುತ್ತಿರಲಿಲ್ಲ. ಅವಳ ಮನಸ್ಸಿಗೆ ನೋವಾಗಬಾರದೆಂದು ಅಪ್ಪನ ಕುರ್ಚಿಯನ್ನು ಮಹಡಿಗೆ ಸಾಗಿಸಿದೆ. ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಕುರ್ಚಿ ತನ್ನ ಜಾಗದಲ್ಲೇ ಇತ್ತು.

ಅಷ್ಟರಲ್ಲಿ ರಿಯಾಲಿಟಿ ಶೋಗಳ ಕಾಲ ಬಂತು. ಯಾವ ಚಾನೆಲ್ ತಿರುಗಿಸಿದರೂ ಪುಟ್ಟ ಪುಟ್ಟ ಮಕ್ಕಳು ಹಾಡುವುದು, ತೀರ್ಪುಗಾರರು ಹುಬ್ಬು ಗಂಟಿಕ್ಕುವುದು, ಹಿನ್ನೆಲೆಯಲ್ಲಿ ಗುಡುಗು, ಆಮೇಲೆ ಎಲಿಮಿನೇಷನ್, ಎಲ್ಲರ ಅಳು. ಬೇರೆಯವರ ಅಳು ನೋಡಲಾಗದ ನನಗೆ ಇದು ಎಂಥ ಹಿಂಸೆ ಎಂದು ನೀವೇ ಊಹಿಸಿಕೊಳ್ಳಿ. ನಾನು ಕಾಲೇಜಿನಲ್ಲಿ ಪಾಠ ಹೇಳುವುದು ವಾಣಿಜ್ಯಶಾಸ್ತ್ರ. ಆದರೆ ತ್ಯಾಗರಾಜನಗರದ ಒಂದು ಸಂಘದವರು ಭಾಷಣಕ್ಕೆ ಕರೆದಾಗ, 'ರಿಯಾಲಿಟಿ ಶೋಗಳಿಂದ ದುರ್ಬಲ ಮನಸ್ಸುಗಳಿಗೆ ಆಗುವ ಹಾನಿ' ಎಂಬ ವಿಷಯವನ್ನೇ ಆರಿಸಿಕೊಂಡೆ. ಮಕ್ಕಳು, ವಯಸ್ಸಾದವರು, ಒಂಟಿಯಾದವರು ಇಂಥವರ ಕಣ್ಣೀರನ್ನು ಮಾರಿಕೊಳ್ಳುತ್ತಿದ್ದಾರೆ ಎಂದು ಮೇಜು ಗುದ್ದಿದೆ. ಒಳ್ಳೆಯ ಚಪ್ಪಾಳೆಯೂ ಬಿತ್ತು. ಆ ಉತ್ಸಾಹದಲ್ಲಿ ಮನೆಗೆ ಬಂದರೆ ಅಮ್ಮ ಇರಲಿಲ್ಲ.

"ಪದ್ಮಕ್ಕನ ಜೊತೆ ಶೂಟಿಂಗಿಗೆ ಹೋಗಿದಾರೆ" ಎಂದಳು ಸುಮಾ. ಪದ್ಮಕ್ಕ ಪಕ್ಕದ ಮನೆಯವರು, ಬೀದಿಯ ಭಜನಾ ಮಂಡಳಿಯ ಮುಖ್ಯಸ್ಥೆ. ಮಕ್ಕಳ ಹಾಡಿನ ಸ್ಪರ್ಧೆಯೊಂದಕ್ಕೆ ಪ್ರೇಕ್ಷಕರು ಬೇಕೆಂದು ಟಿವಿಯವರು ಕೇಳಿದಾಗ ಅವರು ಇಡೀ ಮಂಡಳಿಯನ್ನೇ ವ್ಯಾನು ಹತ್ತಿಸಿದ್ದರು. ಊಟ, ಕಾಫಿ ಟಿವಿಯವರದೇ. ನಮ್ಮವರು ಮಾಡಬೇಕಾದದ್ದು ಚಪ್ಪಾಳೆ. ಅಮ್ಮನಿಗೆ ಒಂದಿಷ್ಟು ಗಾಳಿಯಾದರೂ ಆಡಲಿ ಎಂದು ಸುಮ್ಮನಾದೆ. ಮುಂದಿನ ವಾರ ಕಾರ್ಯಕ್ರಮ ಪ್ರಸಾರವಾದಾಗ ನೋಡುತ್ತೇನೆ, ಪರದೆಯ ತುಂಬ ಅಮ್ಮನ ಮುಖ! ಕೆನ್ನೆಯ ಮೇಲೆ ಧಾರಾಕಾರ ಕಣ್ಣೀರು. ಅಪ್ಪ ಹೋದಾಗಲೂ ಅಳದ ನನ್ನ ಅಮ್ಮ ಯಾವುದೋ ಊರಿನ ಯಾವುದೋ ಹುಡುಗ ಸೋತದ್ದಕ್ಕೆ ಅಳುತ್ತಿದ್ದಾಳೆ. ಯಂತ್ರ ತರಲು ಎದ್ದೆ. ಆದರೆ ಪಟ್ಟಿ ಯಾರಿಗೆ ಸುತ್ತುವುದು? ನಿಜವಾದ ಅಮ್ಮ ನನ್ನ ಪಕ್ಕದಲ್ಲೇ ಕೂತು ಹುರಿಗಡಲೆ ತಿನ್ನುತ್ತಿದ್ದಳು.

ಅಲ್ಲಿಂದ ಮುಂದೆ ಶನಿವಾರ ಬೆಳಗಾದರೆ ಫೋನು. ಪ್ರೇಕ್ಷಕರನ್ನು ನೋಡಿಕೊಳ್ಳುತ್ತಿದ್ದ ಶ್ವೇತಾ ಎಂಬ ಹುಡುಗಿ, "ಸಾರ್, ಇವತ್ತು ಎಲಿಮಿನೇಷನ್ ಇದೆ, ಅಮ್ಮ ಬೇಕೇ ಬೇಕು" ಎನ್ನುತ್ತಿದ್ದಳು. ಅಮ್ಮ ಆಗಲೇ ಸೀರೆ ಉಟ್ಟು, ಹೂ ಮುಡಿಯುತ್ತಿದ್ದ ಕಾಲದ ಅಭ್ಯಾಸದಿಂದ ಒಮ್ಮೆ ತುರುಬು ಮುಟ್ಟಿಕೊಂಡು, ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಮನೆಯೊಳಗೇ ದುರ್ಬಲ ಮನಸ್ಸೊಂದು ಹಾನಿಗೊಳಗಾಗುತ್ತಿರುವಾಗ ಭಾಷಣಕಾರ ಕೈಕಟ್ಟಿ ಕೂರಬಹುದೇ? ಒಂದು ಶನಿವಾರ ಕಾವಲಿಗೆಂದು ನಾನೂ ವ್ಯಾನು ಹತ್ತಿದೆ.

ಸ್ಟುಡಿಯೋ ಎಂದರೆ ಮಾಗಡಿ ರಸ್ತೆಯಾಚೆಯ ಒಂದು ದೊಡ್ಡ ಶೆಡ್ಡು. ಒಳಗೆ ಮಕ್ಕಳೂ ಇಲ್ಲ, ತೀರ್ಪುಗಾರರೂ ಇಲ್ಲ. ಆದರೂ ಶ್ವೇತಾ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, "ಮೊದಲು ನಿಮ್ಮ ರಿಯಾಕ್ಷನ್ ತೊಗೊಂಡ್ಬಿಡ್ತೀವಿ, ಆಮೇಲೆ ಎಲ್ಲೆಲ್ಲಿ ಬೇಕೋ ಸೇರಿಸ್ಕೋತಾರೆ" ಎಂದಳು. ಮೊದಲು ಚಪ್ಪಾಳೆ, ಆಮೇಲೆ ನಗು, ಆಮೇಲೆ ಆಶ್ಚರ್ಯ. ಆಶ್ಚರ್ಯಕ್ಕೆ ನಾನು ತೆರೆದ ಬಾಯಿ ನೋಡಿ, "ಸಾರ್, ನಿಮ್ಮದು ಆಕಳಿಕೆ ಥರ ಬರ್ತಿದೆ" ಎಂದು ಹಿಂದಿನ ಸಾಲಿಗೆ ಕಳಿಸಿದಳು. ಕೊನೆಗೆ ಅಳು. ಭಜನಾ ಮಂಡಳಿಯವರೆಲ್ಲ ಮುಖ ಕಿವುಚಿ ಒದ್ದಾಡುತ್ತಿದ್ದಾಗ ಅಮ್ಮ ಖಾಲಿ ವೇದಿಕೆಯನ್ನು ಒಂದು ಗಳಿಗೆ ನೋಡಿದಳು, ಅಷ್ಟೇ. ಕಣ್ಣು ತುಂಬಿ ಹರಿಯಿತು. ಕ್ಯಾಮೆರಾ ಓಡಿಬಂತು. "ಸೂಪರ್ ಅಮ್ಮಾ, ತುಂಬಾ ಚೆನ್ನಾಗಿತ್ತು!" ಎಂದಳು ಶ್ವೇತಾ. ವಿರಾಮದಲ್ಲಿ ಅಮ್ಮನನ್ನು ಕೇಳಿದೆ: "ಅಲ್ಲಿ ಯಾರೂ ಇಲ್ವಲ್ಲಮ್ಮಾ, ಹೇಗೆ ಅಳು ಬರತ್ತೆ ನಿಂಗೆ?" ಅಮ್ಮ ಕಾಫಿ ಆರಿಸಿಕೊಳ್ಳುತ್ತ, "ಖಾಲಿ ಕುರ್ಚಿ ನೋಡಿ ಅಭ್ಯಾಸ ಇದೆಯಲ್ಲೋ" ಎಂದಳು. ನಾನು ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟೆ.

ಮಧ್ಯಾಹ್ನ ನಿಜವಾದ ಸ್ಪರ್ಧೆ ಶುರುವಾಯಿತು. ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳ ಹೆಸರು ಎಲಿಮಿನೇಷನ್ನಿಗೆ ಬಂತು. ಮಗು ಬಿಕ್ಕಿಬಿಕ್ಕಿ ಅತ್ತಿತು. ಅಷ್ಟರಲ್ಲಿ ಕತ್ತಲೆಯಿಂದ ಒಂದು ಧ್ವನಿ: "ಫೋಕಸ್ ಹೋಯ್ತು. ಪುಟ್ಟೀ, ಇನ್ನೊಂದ್ ಸಲ ಅದೇ ಥರ ಅಳಮ್ಮ." ಮಗು ಕಕ್ಕಾಬಿಕ್ಕಿಯಾಗಿ ತನ್ನ ತಾಯಿಯತ್ತ ನೋಡಿತು. ಆಕೆ ಮುಂದಿನ ಸಾಲಿನಿಂದ ಅಳು ಅಳು ಎಂದು ಸನ್ನೆ ಮಾಡುತ್ತಿದ್ದಳು. ಮಗುವಿಗೆ ಅಳು ಬರಲಿಲ್ಲ. "ನಿನ್ನನ್ನ ಇನ್ಮೇಲೆ ಯಾರೂ ಹಾಡೋಕೆ ಕರೆಯಲ್ಲ, ಹಾಗೆ ಅಂದ್ಕೋ" ಎಂದಿತು ಧ್ವನಿ. ಆಗ ಬಂತು ನೋಡಿ ಅಳು. ಸದ್ದೇ ಇಲ್ಲದ ಅಳು. ನನ್ನ ಭಾಷಣದ ವಿಷಯ ಸಾಕ್ಷಾತ್ತಾಗಿ ಎದುರಿಗೆ ನಿಂತಿತ್ತು, ಮತ್ತು ಭಾಷಣಕಾರ ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಹಾಗೇ ಹಿಡಿದುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ. ಎದ್ದವಳು ಅಮ್ಮ. ವೈರುಗಳನ್ನು ದಾಟಿ ವೇದಿಕೆ ಹತ್ತಿ, ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿ ತನ್ನ ಹೊಟ್ಟೆಗೆ ಒತ್ತಿಕೊಂಡಳು. "ಒಂದ್ ಸಲ ಅತ್ತಾಯ್ತಲ್ಲಪ್ಪಾ. ಇನ್ನೂ ಬೇಕು ಅಂದ್ರೆ ನಂದು ತೊಗೊಳ್ಳಿ, ನನ್ನ ಹತ್ರ ಬೇಕಾದಷ್ಟಿದೆ" ಎಂದಳು. ಕಟ್ ಕಟ್ ಎಂದು ಯಾರು ಕೂಗಿದರೂ ಅವಳು ಕದಲಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಅಮ್ಮನ ಪಕ್ಕ ಕೂತೆ. ಕೊನೆಗೆ ನಾನೇ, "ಅಳಬೇಕು ಅನ್ಸಿದ್ರೆ ಮನೇಲೇ ಅಳಬಹುದಿತ್ತಲ್ಲಮ್ಮಾ" ಎಂದೆ. "ಮನೇಲಿ ಎಲ್ಲೋ ಅಳೋದು?" ಎಂದಳು ಅಮ್ಮ. "ಕಣ್ಣು ಉಜ್ಕೊಂಡ್ರೆ ಪಟ್ಟಿ ತೊಗೊಂಡು ಓಡಿಬರ್ತೀಯ. ನಿನ್ನ ಗಾಬರಿ ನೋಡಿ ನಾನೇ ನಿಂಗೆ ಸಮಾಧಾನ ಹೇಳ್ಬೇಕಾಗತ್ತೆ. ಅಲ್ಲಿ ಯಾರೂ ಸುಮ್ನಿರಿ ಅನ್ನಲ್ಲಪ್ಪ. ಅತ್ರೆ, ಚೆನ್ನಾಗಿತ್ತು ಅಂತಾರೆ."

ಆಮೇಲೆ ವ್ಯಾನು ಬರಲಿಲ್ಲ. ಫೋನೂ ಬರಲಿಲ್ಲ. ಶನಿವಾರ ಬೆಳಗ್ಗೆ ಅಮ್ಮ ಮಾತ್ರ ಸೀರೆ ಬದಲಿಸಿ, ಏನೋ ಕೆಲಸವಿರುವವಳಂತೆ ಗೇಟಿನವರೆಗೆ ಹೋಗಿ, ಬೀದಿಯ ಆ ತುದಿಯನ್ನು ನೋಡಿ ಬರುತ್ತಿದ್ದಳು. ಅವಳು ಕಾಯುತ್ತಿದ್ದದ್ದು ವ್ಯಾನಿಗಲ್ಲ ಎಂದು ಈಗ ನನಗೂ ಗೊತ್ತಿತ್ತು. ಹಾನಿ ಮಾಡುವ ಜಾಗವೊಂದು ತಪ್ಪಿಹೋಯಿತೆಂದು ನಾನು ಹಿಗ್ಗಬೇಕಾಗಿತ್ತು. ಆದರೆ ನನ್ನ ಅಮ್ಮನಿಗೆ ಅಳಲು ಇದ್ದ ಒಂದೇ ಜಾಗವೂ ಅದೇ ಆಗಿತ್ತಲ್ಲ. ಸಂಘದವರು ಅದೇ ಭಾಷಣಕ್ಕೆ ಮತ್ತೆ ಕರೆದಾಗ ಗಂಟಲು ಸರಿಯಿಲ್ಲವೆಂದು ತಪ್ಪಿಸಿಕೊಂಡೆ.

ಮತ್ತೆ ಅವರೆಕಾಯಿಯ ಕಾಲ ಬಂತು. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಹಿತುಕಿದ ಬೇಳೆ ಮಾಡಿರಲಿಲ್ಲ. ಆ ಸಲ ಅಮ್ಮ ತಾನೇ ನೆನೆಹಾಕಿ, ಸಂಜೆ ಪಾತ್ರೆ ಹಿಡಿದು ಟಿವಿಯ ಮುಂದೆ ಕೂತಳು. ಸುಮಾ ಜೊತೆಗೂಡಿದಳು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಹಾಡಿನ ಸ್ಪರ್ಧೆ ನಡೆಯುತ್ತಿತ್ತು. ಅಮ್ಮನ ಬೆರಳಿನಿಂದ ಒಂದು ಬೇಳೆ ಚಿಮ್ಮಿ ನೇರವಾಗಿ ತೀರ್ಪುಗಾರರ ಹಣೆಗೆ ತಗುಲಿತು. ಅಮ್ಮ ಬೆತ್ತದ ಕುರ್ಚಿಯತ್ತ ತಿರುಗಿದಳು. ಅಲ್ಲಿಂದ ಬರಬೇಕಾದ ಮಾತು ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಅವಳೇ ಮೆಲ್ಲಗೆ "ತಪ್ಪಾಯ್ತು ಸಾರ್" ಎಂದಳು. ಎಂದವಳೇ ಅಳಲು ಶುರುಮಾಡಿದಳು. ಕ್ಯಾಮೆರಾ ಇಲ್ಲ, ಶ್ವೇತಾ ಇಲ್ಲ. ಅಪ್ಪನನ್ನು ಕರೆದು ಕರೆದು ಅತ್ತಳು.

ನನ್ನ ಕಾಲುಗಳು ಆಗಲೇ ಬೀರುವಿನತ್ತ ಹೊರಟಿದ್ದವು. ಸುಮಾ ಷರ್ಟು ಹಿಡಿದೆಳೆದು, "ಕೂತ್ಕೊಳ್ರೀ ಸುಮ್ನೆ" ಎಂದಳು. ಹತ್ತಿರವಿದ್ದದ್ದು ಅಪ್ಪನ ಕುರ್ಚಿಯೊಂದೇ. ಕೂತೆ. ಅದರಲ್ಲಿ ನಾನು ಅದುವರೆಗೆ ಕೂತಿರಲಿಲ್ಲ. ಕೂತರೆ ಟಿವಿ ಇಷ್ಟು ಹತ್ತಿರ ಕಾಣುತ್ತದೆ, ಅಮ್ಮನ ಮುಖ ಇನ್ನೂ ಹತ್ತಿರ ಕಾಣುತ್ತದೆ ಎಂದು ಆಗ ತಿಳಿಯಿತು. ಆಮೇಲೆ ಟಿವಿ, ಅಮ್ಮ, ಬೇಳೆಯ ಪಾತ್ರೆ ಎಲ್ಲ ಕಲಸಿಹೋದವು. ನನ್ನ ಬಾಯಿಂದ ಬರುತ್ತಿದ್ದ ಸದ್ದು ನನ್ನದೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಮ್ಮ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ಸುಮಾ, ಇವನಿಗೇನೋ ಆಗಿದೆ, ಆ ಪಟ್ಟಿ ತೊಗೊಂಬಾಮ್ಮ" ಎಂದಳು. ಸುಮಾ ಬಹಳ ವರ್ಷದಿಂದ ಕಾದಿದ್ದವಳಂತೆ ಎದ್ದು ಯಂತ್ರ ಇಳಿಸಿ ತಂದಳು. ಅಮ್ಮ ಬೇಳೆಯ ಕೈಯಲ್ಲೇ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತುತ್ತ, ಮೂಗೊರೆಸಿಕೊಂಡು, "ಚೆನ್ನಾಗಿತ್ತು ಕಣೋ" ಎಂದಳು.