ಅರವತ್ತು ಗಂಟಿನ ಯುದ್ಧನೌಕೆ

ಬಸ್ ಡಿಪೋದ ವೇಳಾಪಟ್ಟಿ ಗುಮಾಸ್ತರಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ: ಅವಳಿಗೆ ವೇಗದ ಬೆಲೆ ಗೊತ್ತಿಲ್ಲ. (ಅವರು ಬರೆದ ವೇಳಾಪಟ್ಟಿಯಂತೆ ಒಂದು ಬಸ್ಸೂ ಈವರೆಗೆ ಹೊರಟಿಲ್ಲ ಎಂಬುದು ಬೇರೆ ಮಾತು.) ಬಾಗಿಲು ಬಡಿದವರು ಬೇಸತ್ತು ಹೊರಟುಹೋದ ಮೇಲೆ ಬಾಗಿಲು ತೆರೆಯುವ, ಬಿಸಿನೀರು ತಣ್ಣಗಾದ ಮೇಲೆ ಸ್ನಾನಕ್ಕೆ ಏಳುವ ಈ ಮಹಾನುಭಾವರ ಹವ್ಯಾಸವೆಂದರೆ ಅತಿವೇಗದ ಯುದ್ಧನೌಕೆಗಳ ವಿನ್ಯಾಸ. ಕಟ್ಟುವುದಲ್ಲ, ತೇಲಿಸುವುದಲ್ಲ, ಬರೀ ವಿನ್ಯಾಸ. ಯಾವ ದೇಶವೂ ಅವರನ್ನು ಕೇಳಿರಲಿಲ್ಲ, ಯಾವ ಶತ್ರುವೂ ಹೆದರಿರಲಿಲ್ಲ.

ಇಂಥವರದೇ ಒಂದು ಸಂಘವೂ ಇತ್ತು. ಅಧ್ಯಕ್ಷರು ನಿವೃತ್ತ ದಂತವೈದ್ಯರು. ಸದಸ್ಯರಲ್ಲಿ ಮುಕ್ಕಾಲು ಪಾಲು ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದವರು. ಹಡಗಿನ ವೇಗವನ್ನು ಲೋಕವೆಲ್ಲ ನಾಟ್ ಲೆಕ್ಕದಲ್ಲಿ ಅಳೆದರೆ, ಭಾಷಾಭಿಮಾನಿಗಳಾದ ಇವರು ಅದನ್ನು ಗಂಟು ಎಂದು ಕರೆದುಕೊಂಡಿದ್ದರು. ನಲವತ್ತು ಗಂಟು ದಾಟಿದ ಹಡಗನ್ನು ಯಾರಾದರೂ ಬರೆದು ತಂದರೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ತಕರಾರೆಲ್ಲ ಮೇಜಿನದು. ಮನೆಯಲ್ಲಿದ್ದ ದೊಡ್ಡ ಮೇಜು ಒಂದೇ. ಹೆಂಡತಿ ದರ್ಜಿ. ಮುಂದಿನ ಕೋಣೆಯ ಆ ಮೇಜಿನ ಮೇಲೆಯೇ ಅವಳು ಬಟ್ಟೆ ಹರವಿ ಕತ್ತರಿಸಬೇಕು, ಆ ದುಡಿಮೆಯಿಂದಲೇ ಅರ್ಧ ಸಂಸಾರ ನಡೆಯಬೇಕು. ಅಳತೆ ಬರೆಯಲು ಅವಳು ತರಿಸುತ್ತಿದ್ದ ಖಾಕಿ ಕಾಗದದ ಸುರುಳಿಯಿಂದಲೇ ಗುಮಾಸ್ತರು ಹಡಗಿಗೂ ಹರಿದುಕೊಳ್ಳುತ್ತಿದ್ದರು. ಈ ಸಲ ಅವಳಿಗೆ ಆಸ್ಪತ್ರೆಯ ಗೌನುಗಳ ಕೆಲಸ ಬಂದಿತ್ತು, ಬೆನ್ನ ಹಿಂದೆ ಬಟ್ಟೆಯ ಪಟ್ಟಿಗಳಿಂದ ಗಂಟು ಹಾಕುವಂಥವು. ಇವರಿಗೋ ಸಂಘದ ವಾರ್ಷಿಕ ಸ್ಪರ್ಧೆ. ಯುದ್ಧ ಸಮುದ್ರಕ್ಕಿಂತ ಮೊದಲು ಮೇಜಿನ ಮೇಲೆ ಶುರುವಾಯಿತು.

ಹಡಗಿನಲ್ಲಿ ಅಡುಗೆ ಎಲ್ಲಿ ಮಾಡುತ್ತಾರೆ ಎಂದು ಅವಳು ಒಮ್ಮೆ ಕೇಳಿದಳು. ಅಡುಗೆಮನೆ ತೆಗೆದುಹಾಕಿದೆ, ಅರ್ಧ ಗಂಟು ವೇಗ ಹೆಚ್ಚಿತು ಎಂದರು ಗುಮಾಸ್ತರು. ಹೊಟ್ಟೆ ಹಸಿದ ಸೈನಿಕರು ಬೇಗ ಯುದ್ಧ ಮುಗಿಸುತ್ತಾರಂತೆ. ಇಷ್ಟು ಹೇಳಿದವರು ಅದೇ ಉಸಿರಿನಲ್ಲಿ ಊಟ ಆಯಿತೇ ಎಂದು ಕೇಳಿದರು.

ಅವಳು ಅವರ ಪೆನ್ಸಿಲುಗಳನ್ನು ಸರಿಸಿ ಬಟ್ಟೆ ಹರವಿದಳು.

"ಒಂದು ವಾರ ಮೇಜು ಬಿಟ್ಟುಕೊಟ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದರು ಗುಮಾಸ್ತರು.

"ನಮ್ಮಪ್ಪ ಹಾಕಿದ ಗಂಟು ಎದುರಿಗೇ ಕೂತಿದೆ. ಎಲ್ಲಿಗೂ ಹೋಗೋ ಹಾಗೆ ಕಾಣಲ್ಲ."

ಗುಮಾಸ್ತರ ಪೌರುಷ ಕೆರಳಿತು. ತಮಗೆ ಮೊದಲ ಬಹುಮಾನ ಬಂದರೆ ಮೇಜು ಶಾಶ್ವತವಾಗಿ ತಮ್ಮದು. ಬಾರದಿದ್ದರೆ ಜನ್ಮದಲ್ಲಿ ಮತ್ತೆ ಮುಟ್ಟುವುದಿಲ್ಲ ಎಂದು ಘೋಷಿಸಿದರು. ಅವಳು ತಲೆ ಎತ್ತದೆಯೇ ಒಪ್ಪಿಕೊಂಡಳು.

ನಲವತ್ತಮೂರು ಗಂಟಿನ 'ಪ್ರಳಯಾಂತಕ' ಸಿದ್ಧವಾಯಿತು. ಕಳಿಸುವ ದಿನ ಬೆಳಗ್ಗೆ ಗುಮಾಸ್ತರು ಎಂದಿನಂತೆ ತಡವಾಗಿ ಎದ್ದು, ಒಂದು ಕೈಯಲ್ಲಿ ಚಪ್ಪಲಿ ಹಿಡಿದು, ಇನ್ನೊಂದು ಕೈಗೆ ಸಿಕ್ಕಿದ ಖಾಕಿ ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಓಡಿದರು. ಸ್ವಲ್ಪ ಹೊತ್ತಿಗೆ ತೋಳಿನ ಅಳತೆ ಕಾಗದ ಬಿಚ್ಚಲು ಹೋದ ಹೆಂಡತಿಗೆ ಸಿಕ್ಕಿದ್ದು ಪ್ರಳಯಾಂತಕ. ಅವಳಿಗೆ ತಕ್ಷಣ ಎಲ್ಲವೂ ಅರ್ಥವಾಯಿತು. ಹಡಗನ್ನು ಮಡಚಿಟ್ಟು, ತೋಳನ್ನೂ ಗಂಟಿನ ಪಟ್ಟಿಗಳನ್ನೂ ಬಿಟ್ಟು ಉಳಿದದ್ದನ್ನೆಲ್ಲ ಹೊಲಿಯುತ್ತ ಕುಳಿತಳು. ಗಂಡನೆದುರು ತುಟಿ ಪಿಟಕ್ಕೆನ್ನಲಿಲ್ಲ.

ರಜೆಯ ದಿನ ಮಧ್ಯಾಹ್ನ ಅಧ್ಯಕ್ಷರ ಫೋನು ಬಂತು. ಹೆಂಡತಿಗೂ ಕೇಳಲಿ ಎಂದು ಗುಮಾಸ್ತರು ಸ್ಪೀಕರ್ ಒತ್ತಿದರು. ಮೊದಲ ಬಹುಮಾನ ಅವರಿಗೇ. ಅರವತ್ತು ಗಂಟಿನ ವೇಗವನ್ನು ಸಂಘದ ಇತಿಹಾಸದಲ್ಲೇ ಯಾರೂ ಕಂಡಿರಲಿಲ್ಲವಂತೆ. ಅರವತ್ತು ಎಲ್ಲಿಂದ ಬಂತೆಂದು ಗುಮಾಸ್ತರಿಗೆ ಹೊಳೆಯಲಿಲ್ಲ. ಆದರೆ ತಾನಾಗಿ ಬಂದ ಹದಿನೇಳು ಗಂಟನ್ನು ಬೇಡವೆನ್ನಲು ಅವರೇನು ಸಂನ್ಯಾಸಿಯೇ?

"ಇದು ಅಪ್ಪಟ ನಿಮ್ಮದೇ ತಾನೇ?" ಎಂದರು ಅಧ್ಯಕ್ಷರು.

"ಒಂದೊಂದು ಗೆರೆಯೂ ನನ್ನದೇ ಸಾರ್."

"ಹೆಸರೂ ಚೆನ್ನಾಗಿದೆ. ತೋಳ. ಅಕ್ಷರ ಸ್ವಲ್ಪ ಸೊಟ್ಟ, ತೋಳು ಅಂದ ಹಾಗೆ ಕಾಣುತ್ತೆ. ಅಷ್ಟೇ."

ಗುಮಾಸ್ತರು ತಟ್ಟನೆ ಮೇಜಿನ ಕಡೆ ನೋಡಿದರು. ಹೆಂಡತಿಯ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವಳು ನಗದಿದ್ದುದು ಆ ಕಾರಣಕ್ಕೆ ಮಾತ್ರ.

"ಮೂಲೆಯಲ್ಲಿ 'ಎಡಕ್ಕೆ ಮಗುಚಿ ಹಾಕು' ಅಂತ ಬರೆದಿದ್ದೀರಲ್ಲ, ಅದೇನು?"

ಬಲತೋಳಿನ ಕಾಗದವನ್ನು ಮಗುಚಿದರೆ ಎಡತೋಳಾಗುತ್ತದೆ ಎಂಬುದು ಯಾವ ದರ್ಜಿಗಾದರೂ ಗೊತ್ತು. ಗುಮಾಸ್ತರು ದನಿ ಏರಿಸಿದರು. "ಅದು ಯುದ್ಧತಂತ್ರ ಸಾರ್. ಎಡಕ್ಕೆ ತಿರುಗಿದಾಗ ಹಡಗು ಮಗುಚಿಕೊಳ್ಳುತ್ತೆ. ಮುಳುಗಿತು ಅಂದ್ಕೊಂಡು ಶತ್ರು ಮನೆಗೆ ಹೋಗ್ತಾನೆ."

ಆ ಕಡೆಯಿಂದ ಅಧ್ಯಕ್ಷರು ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

ಫೋನು ಇಟ್ಟ ಮೇಲೆ ಹೆಂಡತಿ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಮೇಜು ನಿಮ್ಮದೇ ಆಯ್ತು ರೀ. ಮಾತು ಅಂದ್ರೆ ಮಾತು." ಕತ್ತರಿಯನ್ನು ಅವರ ಕೈಗಿಟ್ಟಳು. "ತೋಳಿನ ಒಂದೊಂದು ಗೆರೆಯೂ ನಿಮ್ಮದೇ ಅಂದ್ರಲ್ಲ. ನಾಳೆ ಆಸ್ಪತ್ರೆಯವರು ಬರ್ತಾರೆ. ತೋಳು ಕತ್ತರಿಸಿ ಕೂಡಿಸಿ. ಆ ಕಾಗದದ ಮೇಲೆ 'ಗಂಟು ಅರವತ್ತು' ಅಂತ ಬರೆದಿದ್ದೆ, ಆ ಪಟ್ಟಿಗಳೂ ಬಾಕಿ ಇವೆ, ಅವನ್ನೂ ಹೊಲೀರಿ. ಆಗಲ್ಲ ಅಂದ್ರೆ ಫೋನ್ ಈ ಕಡೆ ಕೊಡಿ, ಅಧ್ಯಕ್ಷರಿಗೆ ನಾನೇ ಎಲ್ಲ ಬಿಡಿಸಿ ಹೇಳ್ತೀನಿ."

ಗುಮಾಸ್ತರು ಫೋನನ್ನು ನೋಡಿದರು, ಕತ್ತರಿಯನ್ನು ನೋಡಿದರು. ಮಾನ ದೊಡ್ಡದು. ತಮ್ಮದೇ ಮೇಜಿಗೆ ಹೋಗಿ ಕುಳಿತರು. ಹೆಂಡತಿ ಅವರ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿ, ಈ ತೋಳು ಉದ್ದ, ಆ ಪಟ್ಟಿ ಸೊಟ್ಟ ಎಂದು ಕಣ್ಣು ಬಿಡದೆಯೇ ಹೇಳುತ್ತಿದ್ದಳು. ಒಂದು ಪಟ್ಟಿಯನ್ನು ಗುಮಾಸ್ತರು ತಮ್ಮ ಅಂಗಿಗೇ ಸೇರಿಸಿ ಹೊಲಿದುಕೊಂಡಿದ್ದರು. ಅದನ್ನು ಬಿಚ್ಚುತ್ತಿದ್ದಾಗ ಮತ್ತೆ ಫೋನು ಮೊಳಗಿತು.

ಸ್ಪೀಕರಿನಲ್ಲಿ ಮತ್ತೆ ಅಧ್ಯಕ್ಷರೇ. ಸಂಘದವರೆಲ್ಲ ಒಕ್ಕೊರಲಿನಿಂದ ಬೇಡಿಕೊಳ್ಳುತ್ತಿದ್ದಾರಂತೆ: ಮುಂದಿನ ಸಭೆಗೆ ಗುಮಾಸ್ತರೇ ಇನ್ನೊಂದು ಹಡಗು ಬರೆದುಕೊಡಬೇಕು. ಈ ಸಲ ಎರಡು ಒಡಲಿರುವ ಜೋಡಿ ಹಡಗು, ಮೇಲೆ ಒಂದಾಗಿ ಕೂಡಿಕೊಂಡಿರಬೇಕು, ಕೆಳಗೆ ಎರಡಾಗಿ ಸೀಳಿರಬೇಕು.

ಗುಮಾಸ್ತರು ಫೋನಿನ ಬಾಯಿ ಮುಚ್ಚಿ ಹೆಂಡತಿಯ ಕಡೆ ದೀನವಾಗಿ ನೋಡಿದರು.

"ಒಪ್ಕೊಳ್ಳಿ," ಎಂದಳು ಅವಳು, ಕಣ್ಣು ಬಿಡದೆ. "ಪೈಜಾಮದ ಕಾಗದ ಇದೆ."