ಮಗಳ ಮೊಬೈಲೂ ನನ್ನ ಟ್ರಾಕ್ಟರೂ

ಅಕ್ಕಿಹೆಬ್ಬಾಳಿನ ನಮ್ಮ ಮನೆಯಲ್ಲಿ ಬೀಗಕ್ಕೆ ಎಂದೂ ಮರ್ಯಾದೆ ಇರಲಿಲ್ಲ. ಬಾಗಿಲಿಗೆ ಚಿಲಕ ಉಂಟು, ಹಾಕುವವರಿಲ್ಲ. ಬೀರುವಿಗೆ ಬೀಗ ಉಂಟು, ಕೀ ಅದರಲ್ಲೇ ನೇತಾಡುತ್ತದೆ. ಹೀಗಿರುವಾಗ, ನಾನು ಹಾಲು ಮಾರಿ ಕೊಡಿಸಿದ ಮೊಬೈಲಿಗೆ ಪಿಯುಸಿ ಓದುವ ನನ್ನ ಮಗಳು ಅನು ಬೀಗ ಜಡಿದಿದ್ದಾಳೆ. ಅದೂ ಅವಳ ಹೆಬ್ಬೆಟ್ಟಿಗೆ ಮಾತ್ರ ತೆರೆಯುವ ಬೀಗ. ನಮ್ಮ ತಾತ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡರು. ಇವಳು ಹೆಬ್ಬೆಟ್ಟು ಒತ್ತಿ ಅಪ್ಪನ ಸಾಮ್ರಾಜ್ಯವನ್ನೇ ಕಸಿದುಕೊಂಡಳು.

"ಬೀಗ ತೆಗಿಯಮ್ಮಿ," ಎಂದೆ.

"ಅಪ್ಪ, ಅದು ನನ್ ಪ್ರೈವಸಿ," ಎಂದಳು.

(ಈ ಪದಾರ್ಥ ಕೆ.ಆರ್. ಪೇಟೆಯ ಕಾಲೇಜಿನಿಂದ ಬಸ್ಸು ಹತ್ತಿ ನಮ್ಮೂರಿಗೆ ಬಂದದ್ದು. ಅದಕ್ಕೂ ಮೊದಲು ಬಚ್ಚಲುಮನೆಗೆ ಬಾಗಿಲಿದ್ದರೆ ಅದೇ ನಮ್ಮ ಪ್ರೈವಸಿ.)

ನನ್ನ ಕೋಪದ ಹಿಂದೆ ಸಾಧಾರಣ ಅಪ್ಪನಲ್ಲ, ಒಬ್ಬ ತಪಸ್ವಿ ಇದ್ದ. ಅನು ಪಾಸಾಗುವ ತನಕ ಮಾಂಸ ಮುಟ್ಟುವುದಿಲ್ಲ ಎಂದು ಮೇಲುಕೋಟೆ ಚಲುವರಾಯನಿಗೆ ಹರಕೆ ಹೊತ್ತವನು ನಾನು. ಯಜಮಾನನೇ ಬಿಟ್ಟ ಮೇಲೆ ನಾವು ತಿನ್ನುವುದುಂಟೇ ಎಂದು ನನ್ನವ್ವ ಪುಟ್ಟತಾಯಮ್ಮ, ಹೆಂಡತಿ ಜಯಲಕ್ಷ್ಮಿ, ಅನು, ಎಲ್ಲರೂ ಬಿಟ್ಟರು. ಆಷಾಢದಿಂದ ನಮ್ಮ ಒಲೆ ಸೊಪ್ಪಿನ ಸಾರು ಬಿಟ್ಟು ಬೇರೇನನ್ನೂ ಕಂಡಿಲ್ಲ. ಹಿತ್ತಲಿನ ಹುಂಜ ಮುಪ್ಪಿನಿಂದ ಸಾಯುವ ಅಪರೂಪದ ಭಾಗ್ಯಕ್ಕೆ ಸಿದ್ಧವಾಗುತ್ತಿತ್ತು.

"ನಿಂಗೋಸ್ಕರ ನಾಲ್ಗೆಗೇ ಬೀಗ ಹಾಕ್ಕೊಂಡಿವ್ನಿ," ಎಂದು ದಿನವೂ ಅವಳಿಗೆ ನೆನಪಿಸುತ್ತಿದ್ದೆ. ಅವಳು ತುಟಿ ಬಿಗಿಹಿಡಿದು, ನನ್ನನ್ನೊಮ್ಮೆ ನೋಡಿ, ಒಳಗೆ ಹೋಗುತ್ತಿದ್ದಳು. ಆ ನೋಟದಲ್ಲಿ ನನಗೆ ಅಪರಾಧಿ ಭಾವ ಕಂಡಿತು. ಯಾರ ಅಪರಾಧ ಎಂದು ಮಾತ್ರ ತಿಳಿಯಲಿಲ್ಲ.

ಮಗುವಿನ ಮೇಲೆ ಅನುಮಾನ ಬೇಡ ಎಂದು ಜಯಲಕ್ಷ್ಮಿ ಗೊಣಗಿದಳು. ನಾನು ಬಿಡಲಿಲ್ಲ. "ಮುಚ್ಚಿಡೋವಂಥದ್ದು ಏನೂ ಇಲ್ದೋರಿಗೆ ಬೀಗ ಯಾಕೆ?" ಎಂದು ಗುಡುಗಿದೆ. ಮಾತು ಎಷ್ಟು ಚೆನ್ನಾಗಿತ್ತೆಂದರೆ, ಜಯಲಕ್ಷ್ಮಿ ಅದನ್ನು ಮನಸ್ಸಿನಲ್ಲೇ ಜೋಪಾನವಾಗಿ ಎತ್ತಿಟ್ಟುಕೊಂಡಳು.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಟ್ರಾಕ್ಟರು ತೊಳೆಯುತ್ತಿದ್ದೆ. ಎದುರಿಗೇ ಹಾಲಿನ ಡೇರಿ. ಕ್ಯಾನು ಹಿಡಿದವರ ಸಾಲು. ನನ್ನ ಟ್ರಾಕ್ಟರಿನ ಹಾಡಿನ ಪೆಟ್ಟಿಗೆ ಸಾಮಾನ್ಯವಾದದ್ದಲ್ಲ. ಅದು ಬಾಯಿ ತೆರೆದರೆ ಹೇಮಾವತಿಯ ಆಚೆ ದಡದ ಎಮ್ಮೆಗಳು ತಲೆ ಎತ್ತುತ್ತವೆ. ಅಪ್ಪನಿಗೆ ಬೇಜಾರಾಗದಿರಲಿ ಎಂದು ಅನು ತನ್ನ ಮೊಬೈಲಿನಿಂದ ಬ್ಲೂಟೂತಿನಲ್ಲಿ ಅದಕ್ಕೆ ಹಾಡು ಹಾಕಿ, ಮೊಬೈಲನ್ನು ಜಗಲಿಯ ಮೇಲಿಟ್ಟು, ತಲೆಗೆ ಎರೆದುಕೊಳ್ಳಲು ಹೋದಳು.

ಪರದೆ ಇನ್ನೂ ಬೆಳಗುತ್ತಿತ್ತು, ಬೀಗ ಬಿದ್ದಿರಲಿಲ್ಲ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಬಿರುಕು ಕಂಡ ದಂಡಿಗೂ ಅಷ್ಟು ಸಂತೋಷವಾಗಿರಲಾರದು. ಕೈಯನ್ನು ಲುಂಗಿಗೆ ಒರೆಸಿದೆ, ಮೊಬೈಲಿನಲ್ಲಿ ಹಾಡು ನಿಲ್ಲಿಸಿದೆ, ಅದನ್ನು ಎತ್ತಿಕೊಂಡು ಹುಲ್ಲಿನ ಮೆದೆಯ ಹಿಂದೆ ನುಸುಳಿದೆ. ಅವಳ ಗೆಳತಿ ಸ್ನೇಹ ಕಳಿಸಿದ್ದ, ಮಾತಾಡುವ ಮೆಸೇಜೊಂದು ಕಂಡಿತು. ಒತ್ತಿ ಕಿವಿಗಿಟ್ಟೆ. ಸದ್ದಿಲ್ಲ. ವಾಲ್ಯೂಮನ್ನು ತುದಿ ಮುಟ್ಟಿಸಿದೆ. ಕಳ್ಳಿ, ಸದ್ದಿಗೂ ಬೀಗ ಹಾಕಿದ್ದಾಳೆ ಎಂದುಕೊಂಡು ಮತ್ತೆ ಮೊದಲಿನಿಂದ ಒತ್ತಿದೆ.

ಆಗ ಅಂಗಳದಲ್ಲಿ ಟ್ರಾಕ್ಟರು ಮಾತಾಡುತ್ತಿರುವುದು ಕೇಳಿಸಿತು. ಸ್ನೇಹಳ ದನಿಯಲ್ಲಿ.

"ಅನು, ನಿಮ್ಮಪ್ಪ ಇವತ್ತೂ ಪೇಟೆ ಹೋಟ್ಲಲ್ಲಿ ಕೂತವ್ರೆ ಕಣೆ. ಮುದ್ದೆ, ನಾಟಿ ಕೋಳಿ ಸಾರು. ಬೆರಳು ಬೇರೆ ನೆಕ್ತಾವ್ರೆ. ನಿಮ್ಮವ್ವಂಗೆ ಹೇಳ್ಬಾರ್ದಾ?"

(ಹರಕೆ ಹೊತ್ತದ್ದು ಅಕ್ಕಿಹೆಬ್ಬಾಳಿನಲ್ಲಿ. ಅದು ಕೆ.ಆರ್. ಪೇಟೆಗೆ ಅನ್ವಯಿಸುವುದಿಲ್ಲ ಎಂಬುದು ನನ್ನ ತಿಳಿವಳಿಕೆ.)

ನಿಲ್ಲಿಸಲು ಹೋದೆ. ಬೆವೆತ ಬೆರಳಿಗೆ ಮೊಬೈಲು ಬಗ್ಗಲಿಲ್ಲ. ಮುಂದಿನ ಮೆಸೇಜು ತಾನಾಗಿಯೇ ಶುರುವಾಯಿತು. ಈಗ ನನ್ನ ಮಗಳ ದನಿ ಊರಿನ ಮೇಲೆಲ್ಲ ಹರಡಿತು.

"ಬುಡು ಸ್ನೇಹ, ಪಾಪ. ಅದು ನಮ್ಮಪ್ಪನ ಪ್ರೈವಸಿ."

ಡೇರಿಯಲ್ಲಿ ಹಾಲು ಅಳೆಯುವುದು ನಿಂತಿತು. ತಲೆ ತುಂಬ ಹುಲ್ಲು ಅಂಟಿಸಿಕೊಂಡು ಹೊರಬಂದರೆ, ಸಾಲಿನ ಮುಂದೆ ಅವ್ವ ನಿಂತಿದ್ದಳು.

"ಆಷಾಢದಿಂದ ನಂಗೆ ಸೊಪ್ಪು ತಿನ್ಸಿ, ನೀನು ಅಲ್ಲಿ ಬೆರಳು ನೆಕ್ತಿದ್ದೇನ್ಲಾ?" ಎಂದಳು.

ಅನು ಒದ್ದೆ ತಲೆಯಲ್ಲೇ ಬಂದು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡಳು. ಬೈಯಲಿಲ್ಲ. "ಕೇಳಿದ್ರೆ ತೋರಿಸ್ತಿರ್ಲಿಲ್ಲ, ನಿಜ. ಆದ್ರೆ ನಿನ್ ಮಾನನಾದ್ರೂ ಉಳೀತಿತ್ತಲ್ಲಪ್ಪ," ಎಂದಷ್ಟೇ ಹೇಳಿ ಒಳಗೆ ಹೋದಳು.

ತೀರ್ಪು ಅಲ್ಲೇ ಆಯಿತು. ನನ್ನ ಮೊಬೈಲಿಗೂ ಇದ್ದ ಬೀಗ ತೆಗೆಸಿ, ಮನೆಯಲ್ಲಿರುವಷ್ಟು ಹೊತ್ತೂ ಅದು ತನ್ನ ಮಡಿಲಲ್ಲಿರಬೇಕು ಎಂದು ಜಯಲಕ್ಷ್ಮಿ ಆಜ್ಞೆ ಹೊರಡಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ, "ಮುಚ್ಚಿಡೋವಂಥದ್ದು ಏನೂ ಇಲ್ದೋರಿಗೆ ಬೀಗ ಯಾಕೆ?" ಎಂದಳು. ಎತ್ತಿಟ್ಟಿದ್ದ ಮಾತು ಒಂದಕ್ಷರವೂ ಮುಕ್ಕಾಗಿರಲಿಲ್ಲ. ಹರಕೆಯ ಬಗ್ಗೆ ತೀರ್ಪು ಕೊಟ್ಟವಳು ಅವ್ವ: ಹೊತ್ತವನು ತೀರಿಸಲಿ, ನಮ್ಮದು ಇವತ್ತಿಗೆ ಮುಗಿಯಿತು.

ಮಧ್ಯಾಹ್ನದ ಹೊತ್ತಿಗೆ ಹುಂಜದ ದೀರ್ಘಾಯುಷ್ಯದ ಕನಸೂ ಮುಗಿಯಿತು. ಒಳಗೆ ಮಸಾಲೆ ಘಮಘಮಿಸುತ್ತಿರಲು, ನಾನು ಜಗಲಿಯ ಮೇಲೆ ಸೊಪ್ಪಿನ ಸಾರಿನ ಮುಂದೆ ಕೂತಿದ್ದೆ. ಕಾವಲಿಗೆ ಜಯಲಕ್ಷ್ಮಿ. ಅವಳ ಮಡಿಲಲ್ಲಿ ನನ್ನ ಮೊಬೈಲು ಟಿಂಗ್ ಎಂದಿತು. ಅಡುಗೆಮನೆಯಲ್ಲಿದ್ದ, ಅವ್ವನ ಆಜ್ಞೆ ಕೇಳಿಸಿಕೊಂಡಿರದ ಅನುವಿನ ಮೆಸೇಜು. ಜಯಲಕ್ಷ್ಮಿ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದಿದಳು.

"ಅಪ್ಪ, ರಾಗಿ ಡಬ್ಬದ ಹಿಂದೆ ಬಟ್ಟಲು ಮುಚ್ಚಿಟ್ಟಿವ್ನಿ. ಎರಡು ಪೀಸು ಅವೆ. ಓದಿದ್ಮೇಲೆ ಡಿಲೀಟ್ ಮಾಡ್ಬುಡು."

ಎದ್ದು ಹೋಗಿ ಬಟ್ಟಲನ್ನು ತಂದಳು. ನನ್ನೆದುರಿಗೇ ಚಕ್ಕಳಮಕ್ಕಳ ಹಾಕಿ ಕೂತು ಎರಡನ್ನೂ ತಿಂದಳು. ಆಮೇಲೆ, ನನ್ನನ್ನೇ ನೋಡುತ್ತ, ಒಂದೊಂದಾಗಿ ಬೆರಳು ನೆಕ್ಕಿದಳು.